ಬೀರು ಹಳೇದು, ಡೀಸೆಲ್ ಹೊಸದು

ಮೈಸೂರಿನಲ್ಲಿ ಯಾರೋ ಮನೆ ಖಾಲಿ ಮಾಡುತ್ತಿದ್ದಾರೆ. ಉಕ್ಕಿನ ಬೀರು ಮಾರಾಟಕ್ಕಿದೆ ಎಂದು ಫೋಟೊ ಹಾಕಿದ್ದಾರೆ. ಬೆಂಗಳೂರಿನ ನಿಮಗೆ ಅದು ಬೇಕು. ಹೊಸದು ಯಾಕೆ, ಹಳೇದನ್ನೇ ಕೊಂಡರೆ ದುಡ್ಡೂ ಉಳಿಯುತ್ತದೆ, ಪರಿಸರಕ್ಕೂ ಒಳ್ಳೆಯದು ಅಂದುಕೊಳ್ಳುತ್ತೀರಿ. ಆದರೆ ಅದನ್ನು ತರಲು ಒಂದು ಟಾಟಾ ಏಸ್ 145 ಕಿಲೋಮೀಟರ್ ಓಡಬೇಕಲ್ವಾ? ಆ ಹೊಗೆ ಯಾರ ಲೆಕ್ಕಕ್ಕೆ?

ಲೆಕ್ಕ ಹಾಕಿಯೇ ನೋಡೋಣ. ಒಂದು ಲೀಟರ್ ಡೀಸೆಲ್ ಉರಿದರೆ ಸುಮಾರು 2.7 ಕಿಲೋ ಇಂಗಾಲದ ಡೈ ಆಕ್ಸೈಡ್ ಹೊರಬರುತ್ತದೆ. ಒಂದು ಲೀಟರ್ ಡೀಸೆಲ್ಲಿನ ತೂಕವೇ ಒಂದು ಕಿಲೋಗಿಂತ ಕಡಿಮೆ, ಮತ್ತೆ ಇದು ಹೇಗೆ ಎಂದು ಕೇಳಬಹುದು. ಡೀಸೆಲ್ಲಿನಲ್ಲಿರುವ ಇಂಗಾಲ ಗಾಳಿಯ ಆಮ್ಲಜನಕದ ಜೊತೆ ಸೇರುತ್ತದೆ, ಹೆಚ್ಚಿನ ತೂಕ ಆ ಆಮ್ಲಜನಕದ್ದು. ಗಾಡಿ ಲೀಟರಿಗೆ 18 ಕಿಲೋಮೀಟರ್ ಕೊಡುತ್ತದೆ ಅಂತಿಟ್ಟುಕೊಳ್ಳಿ. ಖಾಲಿ ಹೋಗಿ, ಬೀರು ಹೇರಿಕೊಂಡು ಬಂದರೆ 290 ಕಿಲೋಮೀಟರ್, 16 ಲೀಟರ್, ಹೆಚ್ಚುಕಮ್ಮಿ 43 ಕಿಲೋ ಹೊಗೆ (ಇಲ್ಲಿ ಹೊಗೆ ಅಂದರೆ ಇಂಗಾಲದ ಡೈ ಆಕ್ಸೈಡ್ ಲೆಕ್ಕ).

ಈಗ ಹೊಸ ಬೀರು. ನಮ್ಮ ದೇಶದಲ್ಲಿ ಉಕ್ಕು ತಯಾರಾಗುವುದು ಬಹುತೇಕ ಕಲ್ಲಿದ್ದಲಿನ ಬಲದಿಂದ. ಒಂದು ಕಿಲೋ ಉಕ್ಕಿಗೆ ಎರಡು ಕಿಲೋಗಿಂತ ಜಾಸ್ತಿ ಇಂಗಾಲದ ಡೈ ಆಕ್ಸೈಡ್ ಬರುತ್ತದೆ. 80 ಕಿಲೋ ತೂಗುವ ಬೀರು ಅಂದರೆ ಉಕ್ಕಿನದ್ದೇ 160 ಕಿಲೋ ದಾಟಿತು. ಬಣ್ಣ, ಬೆಸುಗೆ, ಕಾರ್ಖಾನೆಯಿಂದ ಅಂಗಡಿಗೆ ಸಾಗಣೆ ಬೇರೆ. ಹಳೇ ಬೀರು ಗೆದ್ದಿತು, ಆದರೆ ಗೆದ್ದದ್ದರಲ್ಲಿ ಕಾಲು ಭಾಗ ರಸ್ತೆಯಲ್ಲೇ ಹೋಯಿತು. ಅದರಲ್ಲೂ ಅರ್ಧ ಹೋದದ್ದು ಖಾಲಿ ಗಾಡಿ ಓಡಿದ್ದಕ್ಕೆ. ಮೈಸೂರಿಗೆ ಬೇರೆ ಸಾಮಾನು ಇಳಿಸಿ, ರಿಟರ್ನ್ ಲೋಡ್ ಹುಡುಕುತ್ತಿರುವ ಡ್ರೈವರ್ ಸಿಕ್ಕರೆ ಲೆಕ್ಕವೇ ಬೇರೆ. ಆ ಗಾಡಿ ಹೇಗೂ ವಾಪಸ್ ಬರುವುದೇ. ನಿಮ್ಮ ಬೀರು ಹೇರಿದ್ದಕ್ಕೆ ಹೆಚ್ಚು ಉರಿಯುವ ಡೀಸೆಲ್ ತೀರಾ ಕಡಿಮೆ. ಬಾಡಿಗೆಯೂ ಕಡಿಮೆಯಾಗುತ್ತದೆ, ಚೌಕಾಸಿ ಮಾಡಿದರೆ.

ಸಾಗಣೆ ಅಂದಕೂಡಲೇ ನಾವು ದೂರ ಎಷ್ಟು ಎಂದು ಕೇಳುತ್ತೇವೆ. ಮೊದಲು ಕೇಳಬೇಕಾದದ್ದು ಯಾವ ಗಾಡಿ, ಎಷ್ಟು ತುಂಬಿತ್ತು ಅಂತ. ಒಂದು ಟನ್ ಸರಕನ್ನು ಒಂದು ಕಿಲೋಮೀಟರ್ ಸಾಗಿಸಲು ದೊಡ್ಡ ಕಂಟೇನರ್ ಹಡಗು ಬಿಡುವುದು 10ರಿಂದ 20 ಗ್ರಾಂ ಇಂಗಾಲದ ಡೈ ಆಕ್ಸೈಡ್. ಗೂಡ್ಸ್ ರೈಲಿನದ್ದು ಅದಕ್ಕಿಂತ ಸ್ವಲ್ಪ ಮೇಲೆ. ತುಂಬಿದ ಲಾರಿಯದ್ದು 100 ಗ್ರಾಂ ಆಸುಪಾಸು. ವಿಮಾನ 500 ಗ್ರಾಂನಿಂದ ಶುರುವಾಗಿ, ಹತ್ತಿರದ ಊರುಗಳ ನಡುವಿನ ಹಾರಾಟದಲ್ಲಿ ಒಂದು ಕಿಲೋ ದಾಟುತ್ತದೆ.

ಇಷ್ಟು ವ್ಯತ್ಯಾಸ ಯಾಕೆ? ಹಡಗಿನ ಭಾರವನ್ನು ನೀರು ಹೊರುತ್ತದೆ. ಇಂಜಿನ್ನಿನ ಕೆಲಸ ನೀರನ್ನು ಸೀಳಿಕೊಂಡು ಮುಂದೆ ಹೋಗುವುದಷ್ಟೇ. ಕಾವೇರಿಯಲ್ಲಿ ಒಬ್ಬನೇ ಅಂಬಿಗ ಹುಟ್ಟು ಹಾಕಿ ಹತ್ತು ಜನರನ್ನು ದಾಟಿಸುತ್ತಾನೆ, ಅದೇ ಹತ್ತು ಜನರನ್ನು ಗಾಡಿಯಲ್ಲಿ ಕೂರಿಸಿ ಎಳೆ ಅಂದರೆ ಆಗುತ್ತದಾ? ವಿಮಾನವಾದರೋ ಹಾರುವಷ್ಟು ಹೊತ್ತೂ ತನ್ನ ಭಾರವನ್ನು ತಾನೇ ಎತ್ತಿ ಹಿಡಿಯಬೇಕು.

ಹಡಗಿನಲ್ಲಿ ಇನ್ನೊಂದು ಸ್ವಾರಸ್ಯವಿದೆ. ಅದಕ್ಕೆ ಬೇಕಾದ ಶಕ್ತಿ ವೇಗದ ಘನದಷ್ಟು ಏರುತ್ತದೆ, ಅಂದರೆ ವೇಗ ಎರಡು ಪಟ್ಟಾದರೆ ಶಕ್ತಿ ಎಂಟು ಪಟ್ಟು. ವೇಗವನ್ನು ಶೇಕಡಾ 20 ಇಳಿಸಿದರೆ ಇಂಜಿನ್ನಿನ ಮೇಲಿನ ಹೊರೆ ಅರ್ಧಕ್ಕೆ ಇಳಿಯುತ್ತದೆ. ಪ್ರಯಾಣಕ್ಕೆ ಕಾಲು ಭಾಗ ಹೆಚ್ಚು ಸಮಯ ಹಿಡಿದರೂ ಒಟ್ಟು ಇಂಧನದಲ್ಲಿ ಮೂರನೇ ಒಂದರಷ್ಟು ಉಳಿಯುತ್ತದೆ. 2008ರ ಆರ್ಥಿಕ ಕುಸಿತದ ಬಳಿಕ ಹಡಗು ಕಂಪನಿಗಳು ಮಾಡಿದ್ದು ಇದನ್ನೇ. ಪರಿಸರದ ಪ್ರೀತಿಯಿಂದ ಅಲ್ಲ, ತೈಲದ ಬಿಲ್ಲು ನೋಡಿ. ಹಾಗಂತ ಹಡಗುಗಳು ಸಾಧು ಅಲ್ಲ. ಜಗತ್ತಿನಲ್ಲಿ ಮನುಷ್ಯರು ಬಿಡುವ ಹಸಿರುಮನೆ ಅನಿಲಗಳಲ್ಲಿ ಶೇಕಡಾ 3ರಷ್ಟು ಅವುಗಳದ್ದೇ. ಅವು ಉರಿಸುವ ಮಡ್ಡಿ ಎಣ್ಣೆಯಲ್ಲಿ ಗಂಧಕ ಶೇಕಡಾ 3.5ರವರೆಗೂ ಇರಬಹುದಿತ್ತು. 2020ರಿಂದ ಆ ಮಿತಿ 0.5ಕ್ಕೆ ಇಳಿದಿದೆ.

ಪುಸ್ತಕದ ವಿಷಯಕ್ಕೆ ಬಂದರೆ ಲೆಕ್ಕ ತಲೆಕೆಳಗಾಗುತ್ತದೆ. 400 ಗ್ರಾಂ ತೂಗುವ ಹಳೇ ಪುಸ್ತಕವೊಂದನ್ನು ಲಂಡನ್ನಿನಿಂದ ವಿಮಾನದಲ್ಲಿ ತರಿಸಿದಿರಿ ಅನ್ನಿ. 8,000 ಕಿಲೋಮೀಟರ್ ಹಾರಾಟಕ್ಕೆ ಎರಡು ಕಿಲೋಗೆ ಹತ್ತಿರ ಹೊಗೆ. ಅಂಥದ್ದೇ ಹೊಸ ಪುಸ್ತಕ ಇಲ್ಲೇ ಅಚ್ಚಾದರೆ ಆಗುವುದು ಒಂದು ಕಿಲೋ ಆಸುಪಾಸು. ಹಳೇದೇ ಸೋತಿತು. ಅದೇ ಪುಸ್ತಕ ಹಡಗಿನಲ್ಲಿ, ತಿಂಗಳುಗಟ್ಟಲೆ ತಡವಾಗಿ ಬಂದರೆ ಸಮುದ್ರದ ಲೆಕ್ಕ ನೂರು ಗ್ರಾಂ ಕೂಡ ಮುಟ್ಟುವುದಿಲ್ಲ. ಬೆಂಗಳೂರಿನಲ್ಲೇ, ಹಳೇ ಪುಸ್ತಕದಂಗಡಿಗಳಿರುವ ಅವೆನ್ಯೂ ರಸ್ತೆಯಲ್ಲಿ ಸಿಕ್ಕರೆ ಅದೂ ಇಲ್ಲ, ಮೆಟ್ರೊದಲ್ಲಿ ಹೋಗಿ ಬನ್ನಿ.

ಮೊಬೈಲ್ ಫೋನಿನ ಕತೆ ಇದಕ್ಕೆ ಪೂರ್ತಿ ಉಲ್ಟಾ. ತೂಕ ಇನ್ನೂರು ಗ್ರಾಂ, ತಯಾರಿಕೆಯ ಹೊಗೆ 50 ಕಿಲೋಗೂ ಜಾಸ್ತಿ. ಚಿಪ್ ಮಾಡಲು ಸಿಲಿಕಾನ್ ಬಿಲ್ಲೆಯ ಮೇಲೆ ಪದರ ಹಾಸಿ, ಕೊರೆದು, ತೊಳೆದು, ಮತ್ತೆ ಹಾಸುವ ಕೆಲಸ ನೂರಾರು ಸಲ ನಡೆಯುತ್ತದೆ. ಅದಕ್ಕೆ ಹಗಲು ರಾತ್ರಿ ವಿದ್ಯುತ್ ಬೇಕು, ಅತಿ ಶುದ್ಧ ನೀರು ಬೇಕು. ಕೊರೆಯಲು ಬಳಸುವ ಫ್ಲೋರಿನ್ ಅನಿಲಗಳು ಇಂಗಾಲದ ಡೈ ಆಕ್ಸೈಡಿಗಿಂತ ಸಾವಿರಾರು ಪಟ್ಟು ಶಾಖ ಹಿಡಿಯುವಂಥವು. ಹಾಗಾಗಿ ಹಳೇ ಫೋನು ದೆಹಲಿಯಿಂದ ವಿಮಾನದಲ್ಲೇ ಬಂದರೂ, ಅರ್ಧ ಕಿಲೋ ಹೊಗೆಗೆ ತಲೆಕೆಡಿಸಿಕೊಳ್ಳುವುದು ಬೇಡ.

ಅದರ ಬದಲು ನಿಮ್ಮದೇ ಸ್ಕೂಟರ್ ಮೇಲೆ ಕಣ್ಣಿಡಿ. ಒಂದು ಲೀಟರ್ ಪೆಟ್ರೋಲಿಗೆ 2.3 ಕಿಲೋ ಲೆಕ್ಕ. ವೈಟ್‌ಫೀಲ್ಡಿನಿಂದ ಕೆಂಗೇರಿಗೆ ಸುಮ್ನೆ ಒಂದು ಕುರ್ಚಿ ನೋಡಿಕೊಂಡು ಬರೋಣ ಅಂತ ಹೊರಟು, ಇಷ್ಟವಾಗದೆ ವಾಪಸ್ ಬಂದರೆ ಸುಮಾರು ನಾಲ್ಕು ಕಿಲೋ ಹೊಗೆ ಬಿಟ್ಟಿರುತ್ತೀರಿ. ಕಾರಾದರೆ ಹತ್ತಕ್ಕೂ ಜಾಸ್ತಿ. ಮಾರುವವರಿಗೆ ಇನ್ನೆರಡು ಫೋಟೊ ಕಳಿಸಿ ಅನ್ನುವುದೇ ವಾಸಿ.

ಬಟ್ಟೆಯಲ್ಲಿ ಸಾಗಣೆ ದೊಡ್ಡ ವಿಷಯವೇ ಅಲ್ಲ. ಘಾನಾ ದೇಶದ ಅಕ್ರಾ ನಗರದಲ್ಲಿ ಕಾಂತಾಮಾಂಟೊ ಎಂಬ ಭಾರೀ ಸಂತೆ ಇದೆ. ಬ್ರಿಟನ್ನಿನಂಥ ದೇಶಗಳಲ್ಲಿ ಜನ ದಾನ ಕೊಟ್ಟ ಉಟ್ಟ ಬಟ್ಟೆಗಳು ಗಂಟು ಗಂಟಾಗಿ ಹಡಗಿನಲ್ಲಿ ಅಲ್ಲಿಗೆ ಬರುತ್ತವೆ. ಒಂದು ಅಂಗಿಯ ಪಾಲಿಗೆ ಬೀಳುವ ಹಡಗಿನ ಹೊಗೆ ಹತ್ತಾರು ಗ್ರಾಂ ಮಾತ್ರ. ತೊಂದರೆ ಇರುವುದು ಗಂಟು ಬಿಚ್ಚಿದ ಮೇಲೆ. ಒಳಗೇನಿದೆ ಎಂದು ವ್ಯಾಪಾರಿಗೆ ಮೊದಲೇ ಗೊತ್ತಿರುವುದಿಲ್ಲ, ದುಡ್ಡು ಮಾತ್ರ ಮೊದಲೇ ಕೊಟ್ಟಾಗಿರುತ್ತದೆ. ಮಾರಲಾಗದ ಬಟ್ಟೆ ಚರಂಡಿ ಸೇರುತ್ತದೆ, ಅಲ್ಲಿಂದ ಕಡಲ ದಂಡೆಗೆ. ಕಳಿಸಿದವರ ಲೆಕ್ಕದಲ್ಲಿ ಅದು ಮರುಬಳಕೆ! ಹಳೇ ಅಂಗಿಯೊಂದು ಹೊಸ ಅಂಗಿಯ ಖರೀದಿಯನ್ನು ತಪ್ಪಿಸಿದರೆ ಮಾತ್ರ ಉಳಿತಾಯ. ಅಗ್ಗ ಅಂತ ನಾಲ್ಕು ಹಳೇದು ತಗೊಂಡು, ಹಬ್ಬಕ್ಕೆ ಹೊಸದನ್ನೂ ತಗೊಂಡರೆ ಉಳಿಸಿದ್ದೇನೂ ಇಲ್ಲ.

ಕೊನೆಗೆ ಫ್ರಿಜ್. ಹಳೇ ಫ್ರಿಜ್ ಪಕ್ಕದ ಬೀದಿಯಿಂದಲೇ ಬಂದರೂ ನಾನು ಹಿಂದೆಮುಂದೆ ನೋಡುತ್ತೇನೆ. ನಮ್ಮ ದೇಶದಲ್ಲಿ ಒಂದು ಯೂನಿಟ್ ವಿದ್ಯುತ್ತಿಗೆ ಸುಮಾರು 0.7 ಕಿಲೋ ಇಂಗಾಲದ ಡೈ ಆಕ್ಸೈಡ್. ಹಳೇ ಫ್ರಿಜ್ ವರ್ಷಕ್ಕೆ 200 ಯೂನಿಟ್ ಜಾಸ್ತಿ ತಿಂದರೂ 140 ಕಿಲೋ ಆಯಿತು, ಅದೂ ವರ್ಷ ವರ್ಷವೂ. ಬಾಗಿಲ ಮೇಲೆ ಐದು ಸ್ಟಾರ್ ಇದೆ ಎಂದು ನಂಬಬೇಡಿ. ಸ್ಟಾರ್ ಕೊಡುವ ಅಳತೆಯನ್ನು ಆಗಾಗ ಬಿಗಿ ಮಾಡುತ್ತಾ ಬಂದಿದ್ದಾರೆ, ಅಂದಿನ ಐದು ಇಂದಿನ ಐದಲ್ಲ. ಲೇಬಲ್ಲಿನಲ್ಲಿ ಯಾವ ವರ್ಷ ಎಂದು ನೋಡಿ. ಹಿಂಭಾಗದ ಚೀಟಿಯಲ್ಲಿ ಒಳಗೆ ತಂಪು ಮಾಡುವ ಗ್ಯಾಸ್ ಯಾವುದು ಎಂದೂ ಬರೆದಿರುತ್ತದೆ. ಆರ್-134ಎ ಅಂತಿದ್ದರೆ ಅದು ಇಂಗಾಲದ ಡೈ ಆಕ್ಸೈಡಿಗಿಂತ ಸಾವಿರ ಪಟ್ಟಿಗೂ ಮೀರಿ ಶಾಖ ಹಿಡಿಯುವ ಅನಿಲ. ಸಾಗಿಸುವಾಗ ಕೊಳವೆ ಬಿರುಕು ಬಿಟ್ಟು ನೂರು ಗ್ರಾಂ ಸೋರಿದರೆ ನೂರು ಕಿಲೋಗೂ ಜಾಸ್ತಿ ಹೊಗೆ ಬಿಟ್ಟಂತೆ. ಮೈಸೂರಿನ ಬೀರು ತರುವ ಗಾಡಿ ಎರಡು ಸಲ ಹೋಗಿ ಬಂದರೂ ಇಷ್ಟಾಗುವುದಿಲ್ಲ. ಆರ್-600ಎ ಅಂತಿದ್ದರೆ ಆ ಭಯವಿಲ್ಲ, ವಿದ್ಯುತ್ತಿನ ಲೆಕ್ಕವೊಂದನ್ನು ನೋಡಿದರೆ ಸಾಕು.