ದಡ ಮುಟ್ಟಿದ ಮೇಲೆ ಬರುವ ಮಳೆ

ನವೆಂಬರ್ ಕೊನೆಯ ವಾರ ಬಂತೆಂದರೆ ಮಂಡ್ಯ ಸೀಮೆಯಲ್ಲಿ ಎರಡು ಸಂಗತಿಗಳು ಒಟ್ಟಿಗೆ ನಡೆಯುತ್ತವೆ. ವಿ.ಸಿ. (ವಿಶ್ವೇಶ್ವರಯ್ಯ) ನಾಲೆಯ ನೀರಿನಲ್ಲಿ ಬೆಳೆದ ಭತ್ತ ಹೊಂಬಣ್ಣಕ್ಕೆ ತಿರುಗಿ ಕೊಯ್ಲಿಗೆ ನಿಲ್ಲುತ್ತದೆ. ಅದೇ ಹೊತ್ತಿಗೆ ಬಂಗಾಳ ಕೊಲ್ಲಿಯಲ್ಲಿ ಒಂದರ ಹಿಂದೊಂದು ವಾಯುಭಾರ ಕುಸಿತಗಳು ಹುಟ್ಟಿಕೊಳ್ಳುತ್ತವೆ. ಕೃಷಿ ಹವಾಮಾನ ಸಲಹೆ ಕೊಡುವ ಕೆಲಸದಲ್ಲಿರುವ ನನ್ನಂಥವರಿಗೆ ಆ ದಿನಗಳಲ್ಲಿ ಫೋನು ಕೆಳಗಿಡಲು ಪುರುಸೊತ್ತಿರುವುದಿಲ್ಲ. ಅದಕ್ಕೆ ನನ್ನ ದೂರಿಲ್ಲ; ಕೇಳುವುದು ರೈತರ ಹಕ್ಕು, ಹೇಳುವುದು ನಮ್ಮ ಕೆಲಸ. ಆದರೆ ಒಂದೇ ತಪ್ಪು ತಿಳಿವಳಿಕೆ ವರ್ಷವರ್ಷವೂ ಒಂದೇ ಬಗೆಯ ನಷ್ಟಕ್ಕೆ ದಾರಿಯಾಗುವುದನ್ನು ನೋಡಿ ನೋಡಿ ಸಾಕಾಗಿರುವುದರಿಂದ ಈ ಸಲದ ಅಂಕಣವನ್ನು ಅದೊಂದಕ್ಕೇ ಮೀಸಲಿಡುತ್ತಿದ್ದೇನೆ.

ಆ ತಿಳಿವಳಿಕೆ ಯಾವುದೆಂದರೆ, ಚಂಡಮಾರುತ ದಡ ಮುಟ್ಟಿತು ಎಂದು ಸುದ್ದಿ ಬಂದ ಮೇಲೆ ಗಂಡಾಂತರ ಕಳೆಯಿತು ಎಂಬುದು. ಸಮುದ್ರದ ದಂಡೆಯಲ್ಲಿ ಬಿರುಗಾಳಿಗೆ ಹೆದರಿ ಕುಳಿತಿರುವ ಮೀನುಗಾರನ ಮಟ್ಟಿಗೆ ಆ ಮಾತಿನಲ್ಲಿ ಸ್ವಲ್ಪ ಹುರುಳಿರಬಹುದು. ಪಾಂಡವಪುರದಲ್ಲೋ ಕೆರಗೋಡಿನಲ್ಲೋ ಗದ್ದೆ ಇರುವವರ ಮಟ್ಟಿಗೆ ಅದು ತಲೆಕೆಳಗಾದ ಮಾತು. ನಮ್ಮ ಲೆಕ್ಕ ಶುರುವಾಗುವುದೇ ಅದು ದಡ ಮುಟ್ಟಿದ ಮೇಲೆ.

ಇದಕ್ಕೆ ಮೂಲ ಎರಡು ವೇಗಗಳನ್ನು ಒಂದೇ ಎಂದು ತಿಳಿಯುವುದರಲ್ಲಿದೆ ಎಂಬುದು ನನ್ನ ಅನುಭವ. ಟಿ.ವಿ.ಯಲ್ಲಿ ಕೆಂಪು ಅಕ್ಷರದಲ್ಲಿ "ಗಂಟೆಗೆ 80 ಕಿ.ಮೀ. ವೇಗ" ಎಂದು ಓಡುತ್ತದೆ. ಅದು ಚಂಡಮಾರುತದ ಒಳಗೆ, ಅದರ ಕೇಂದ್ರದ ಸುತ್ತ ಸುತ್ತುವ ಗಾಳಿಯ ವೇಗ. ಇಡೀ ಚಂಡಮಾರುತ ಊರಿಂದೂರಿಗೆ ನಡೆದು ಬರುವ ವೇಗ ಬೇರೆ. ಈ ಕಾಲದ ಬಂಗಾಳ ಕೊಲ್ಲಿಯ ಚಂಡಮಾರುತಗಳಲ್ಲಿ ಅದು ಅನೇಕ ವೇಳೆ ಗಂಟೆಗೆ ಹತ್ತು, ಹದಿನೈದು ಕಿಲೋಮೀಟರ್ ಮಾತ್ರ. ಜಾತ್ರೆಯ ತೇರು ಎಳೆಯುವಾಗ ಗಾಲಿ ಎಷ್ಟೇ ಸದ್ದು ಮಾಡಿದರೂ ತೇರು ಬೀದಿಯ ತುದಿ ಮುಟ್ಟಲು ಮಧ್ಯಾಹ್ನವಾಗುವಂತೆ. ಪುದುಚೇರಿಯಿಂದ ಮಂಡ್ಯಕ್ಕೆ ನೇರ ದಾರಿಯಲ್ಲಿ ಸುಮಾರು 320 ಕಿಲೋಮೀಟರ್. ಎಂಬತ್ತರಿಂದ ಭಾಗಿಸಿದವರಿಗೆ ನಾಲ್ಕು ಗಂಟೆ ಎಂದು ಉತ್ತರ ಬರುತ್ತದೆ. ರಾತ್ರಿ ಹತ್ತಕ್ಕೆ ದಡ ಮುಟ್ಟಿದ್ದು ಬೆಳಗಿನ ಜಾವ ಎರಡಕ್ಕೆ ಇಲ್ಲಿರಬೇಕಿತ್ತು, ಬರಲಿಲ್ಲ, ಆದ್ದರಿಂದ ಇನ್ನು ಬರುವುದಿಲ್ಲ ಎಂದು ಅವರು ತೀರ್ಮಾನಿಸುತ್ತಾರೆ. ಹನ್ನೆರಡರಿಂದ ಭಾಗಿಸಿ ನೋಡಿ, ಒಂದು ಹಗಲು ಒಂದು ರಾತ್ರಿ ದಾಟುತ್ತದೆ. ನಡುವೆ ಅದು ಎಲ್ಲಾದರೂ ನಿಂತುಬಿಟ್ಟರೆ ಇನ್ನೂ ತಡ.

ಎರಡನೆಯ ಗೊಂದಲವೂ ಇದಕ್ಕೇ ಅಂಟಿಕೊಂಡಿದೆ. ನೆಲಕ್ಕೆ ಹತ್ತಿದ ಚಂಡಮಾರುತ ದುರ್ಬಲವಾಗುತ್ತದೆ, ಅದು ನಿಜ. ಕೆಳಗೆ ಬೆಚ್ಚಗಿನ ಸಮುದ್ರವಿಲ್ಲದ್ದರಿಂದ ಅದಕ್ಕೆ ಉಣಿಸು ತಪ್ಪುತ್ತದೆ, ನೆಲದ ಏರುತಗ್ಗುಗಳು ಗಾಳಿಯನ್ನು ತಡೆಯುತ್ತವೆ. ಗಾಳಿಯ ವೇಗ ಗಂಟೆಗೆ 62 ಕಿ.ಮೀ.ಗಿಂತ ಕೆಳಗಿಳಿದರೆ ಹವಾಮಾನ ಇಲಾಖೆಯ ಲೆಕ್ಕದಲ್ಲಿ ಅದು ಚಂಡಮಾರುತವೇ ಅಲ್ಲ, ವಾಯುಭಾರ ಕುಸಿತ. ಆಗ ಸುದ್ದಿಯವರು ಅದರ ಹೆಸರು ಹೇಳುವುದನ್ನು ನಿಲ್ಲಿಸುತ್ತಾರೆ, ನೋಡುವವರು ಮರೆಯುತ್ತಾರೆ. ಆದರೆ ದುರ್ಬಲವಾದದ್ದು ಗಾಳಿಯೇ ಹೊರತು ಮಳೆಯಲ್ಲ. ಆ ಸುಳಿ ಕೊಲ್ಲಿಯ ಕಡೆಯಿಂದ ತೇವವನ್ನು ಇನ್ನೂ ಎಳೆದುಕೊಳ್ಳುತ್ತಲೇ ಇರುತ್ತದೆ. ತಮಿಳುನಾಡಿನ ಬಯಲು ದಾಟಿ ನಮ್ಮ ಎತ್ತರದ ಸೀಮೆಗೆ ಹತ್ತುವಾಗ ತೇವದ ಗಾಳಿ ಮೇಲಕ್ಕೇರಿ ತಣ್ಣಗಾಗಿ ಮಳೆ ಸುರಿಯುತ್ತದೆ. ನಡಿಗೆ ನಿಧಾನವಾದಷ್ಟೂ ಒಂದೇ ಕಡೆ ಹೆಚ್ಚು ಹೊತ್ತು ಸುರಿಯುತ್ತದೆ.

2024ರ ಫೆಂಗಲ್ ಇದನ್ನು ಪಾಠದಂತೆ ತೋರಿಸಿಕೊಟ್ಟಿತು. ಅದು ಪುದುಚೇರಿಯ ಬಳಿ ದಡ ಮುಟ್ಟಿದ್ದು ನವೆಂಬರ್ 30ರ ಶನಿವಾರ ರಾತ್ರಿ. ಆಮೇಲೆ ಮುಂದಕ್ಕೆ ಹೋಗದೆ ಹಲವು ಗಂಟೆ ಅಲ್ಲಲ್ಲೇ ನಿಂತಿತು. ನಂತರ ಬಲ ಕಳೆದುಕೊಂಡು, ಹೆಸರಿಲ್ಲದ ಕುಸಿತವಾಗಿ ಪಶ್ಚಿಮಕ್ಕೆ ತೆವಳಿತು. ಸೋಮವಾರ ಬೆಳಿಗ್ಗೆಗೆ ಕೊನೆಗೊಂಡ 24 ಗಂಟೆಗಳಲ್ಲಿ ಕೃಷ್ಣಗಿರಿ ಜಿಲ್ಲೆಯ ಊತ್ತಂಗರೈಯಲ್ಲಿ ಸುಮಾರು 50 ಸೆಂಟಿಮೀಟರ್ ಮಳೆಯಾಯಿತು. ಊತ್ತಂಗರೈ ಸಮುದ್ರದಿಂದ ನೂರು ಕಿಲೋಮೀಟರಿಗೂ ಹೆಚ್ಚು ಒಳಗಿರುವ ಊರು, ಮತ್ತು ಆ ಹೊತ್ತಿಗೆ ಚಂಡಮಾರುತ "ಮುಗಿದು" ಹೋಗಿತ್ತು. ಡಿಸೆಂಬರ್ ಮೊದಲ ದಿನಗಳಲ್ಲಿ ಮೈಸೂರು, ಮಂಡ್ಯ, ಚಾಮರಾಜನಗರದ ಕಡೆ ಮಳೆ ಹಿಡಿದದ್ದು ಇದೇ ಅವಶೇಷದಿಂದ. ಡಿಸೆಂಬರ್ 3ರ ಹೊತ್ತಿಗೆ ಅದು ನಮ್ಮ ತಲೆಯ ಮೇಲಿಂದ ದಾಟಿ ಅರಬ್ಬೀ ಸಮುದ್ರಕ್ಕೆ ಇಳಿಯಿತು.

ಇಂಥ ಭಾನುವಾರಗಳಂದು ಬರುವ ಕರೆಗಳ ಧಾಟಿ ನನಗೆ ಬಾಯಿಪಾಠವಾಗಿದೆ. "ಸಾ, ರಾತ್ರಿನೇ ದಡ ಮುಟ್ತಂತಲ್ಲ, ಇಲ್ಲಿ ಒಂದ್ ಎಲೆನೂ ಅಳ್ಳಾಡ್ಲಿಲ್ಲ. ಮಿಷನ್‌ನೋರು ಇವತ್ತು ಖಾಲಿ ಅವ್ರಂತೆ. ಬಿಡ್ಸಿಬಿಡ್ಲಾ?" ಮಿಷನ್‌ನವರು ಖಾಲಿ ಇದ್ದಾರೆಂಬುದು ಇಲ್ಲಿ ದೊಡ್ಡ ಮಾತು, ಕೊಯ್ಲಿನ ಕಾಲದಲ್ಲಿ ಕಟಾವು ಯಂತ್ರಕ್ಕೆ ಸರದಿ ಹಚ್ಚಿ ಕಾಯಬೇಕು, ಮಳೆ ಬಿದ್ದು ಗದ್ದೆ ಕೆಸರಾದರೆ ಗಾಲಿಯ ಯಂತ್ರ ಇಳಿಯುವುದಿಲ್ಲ, ಚೈನಿನ ಯಂತ್ರಕ್ಕೆ ಗಂಟೆಯ ಬಾಡಿಗೆ ಹೆಚ್ಚು. ಅವರ ಅವಸರ ನನಗೆ ಅರ್ಥವಾಗದ್ದೇನಲ್ಲ. ನಾನು ಕೇಳುವುದು ಒಂದೇ: "ಗೌಡ್ರೇ, ಕುಯ್ಸಿದ್ದನ್ನ ಇವತ್ತು ಸಂಜೆಯೊಳಗೆ ಎಲ್ಲಿ ಹಾಕ್ತೀರಿ?" ಅತ್ತ ಕಡೆ ಸ್ವಲ್ಪ ಹೊತ್ತು ಸದ್ದಿರುವುದಿಲ್ಲ. ಆಮೇಲೆ, "ರೋಡಲ್ಲಿ ಹರಡೋದು ಸಾ, ಇನ್ನೆಲ್ಲಿ?" ಎಂದು ಉತ್ತರ ಬರುತ್ತದೆ. ಯಂತ್ರದಲ್ಲಿ ಕೊಯ್ದ ಭತ್ತದಲ್ಲಿ ಶೇ. 20ಕ್ಕೂ ಮೇಲ್ಪಟ್ಟು ತೇವವಿರುವುದು ಸಾಮಾನ್ಯ. ಖರೀದಿ ಕೇಂದ್ರದಲ್ಲಿ ಶೇ. 17ಕ್ಕಿಂತ ಹೆಚ್ಚಿದ್ದರೆ ತೆಗೆದುಕೊಳ್ಳುವುದಿಲ್ಲ, ಕೂಡಿಡಬೇಕೆಂದರೆ ಶೇ. 14ಕ್ಕಾದರೂ ಇಳಿಯಬೇಕು. ಮೋಡ ಕವಿದ ಭಾನುವಾರ ರಸ್ತೆಯಲ್ಲಿ ಹರಡಿದ ಭತ್ತ ಅಷ್ಟು ಒಣಗುವುದು ಹೇಗೆ?

ಆಳು ಹಿಡಿದು ಕುಡುಗೋಲಿನಲ್ಲಿ ಕೊಯ್ಸುವವರ ಪಾಡು ಇನ್ನೂ ಕಷ್ಟ. ಕೊಯ್ದ ಅರಿ, ಅಂದರೆ ತೆನೆಯ ಸಮೇತ ಪೈರು, ಗದ್ದೆಯಲ್ಲೇ ಮಲಗಿರುತ್ತದೆ, ರಾತ್ರಿ ಮಳೆ ಶುರುವಾಗುತ್ತದೆ, ಹೆದರಿ ಅರೆಬರೆ ನೆನೆದದ್ದನ್ನೆಲ್ಲ ಬಾಚಿ ಮೆದೆ ಹಾಕಿ ಮೇಲೆ ಟಾರ್ಪಾಲು ಬಿಗಿಯುತ್ತಾರೆ. ಶ್ರೀರಂಗಪಟ್ಟಣದ ಕಡೆ ಅಂಥ ಒಂದು ಮೆದೆಯನ್ನು ನಾಲ್ಕನೆಯ ದಿನ ಬಿಚ್ಚಿದಾಗ ನಾನು ಪಕ್ಕದಲ್ಲಿದ್ದೆ. ಒಳಗೆ ಕೈಯಿಟ್ಟರೆ ಆಗತಾನೆ ಇಳಿಸಿದ ಮುದ್ದೆಯಷ್ಟು ಬಿಸಿ; ಹುಳಿ ಹಿಡಿದ ವಾಸನೆ; ಒಂದು ತೆನೆಯನ್ನು ಎಳೆದು ಅಂಗೈ ಮೇಲಿಟ್ಟರೆ ಕಾಳುಕಾಳಿನ ತುದಿಯಲ್ಲೂ ಬೆಳ್ಳಗೆ ಮೊಳಕೆ. ಅದೇ ಗದ್ದೆಯ ಬದುವಿನಾಚೆ, ಆಳು ಸಿಗದ ಕಾರಣ ಕೊಯ್ಯದೇ ಬಿಟ್ಟ ಭತ್ತ ಒಂದಷ್ಟು ಬಾಗಿದ್ದರೂ ನಿಂತೇ ಇತ್ತು, ಗಾಳಿಯಾಡಿ ತೆನೆ ಒಣಗಿತ್ತು. ಎರಡೂ ಒಂದೇ ಮನೆಯವರದು. ಮನೆಯ ಯಜಮಾನರು ಆ ಕಡೆ ಒಮ್ಮೆ ಈ ಕಡೆ ಒಮ್ಮೆ ನೋಡಿ, "ಬಡ್ಡಿಮಗಂದ್ ಆಳು ಎಲ್ಡೂ ಕಡೆ ಸಿಗ್ದೆ ಇದ್ದಿದ್ರೆ ಚೆಂದಾಗಿತ್ತು" ಎಂದರು. ನಗಬಾರದ ಹೊತ್ತಿನಲ್ಲಿ ಅವರೇ ನಕ್ಕದ್ದರಿಂದ ನಾನೂ ನಕ್ಕೆ.

ಇಷ್ಟು ಹೇಳಿದ ಮೇಲೆ ಒಂದು ಎಚ್ಚರಿಕೆಯ ಮಾತನ್ನೂ ಸೇರಿಸಬೇಕು. ಪ್ರತಿಯೊಂದು ಚಂಡಮಾರುತವೂ ದಡ ಮುಟ್ಟಿದ ಮೇಲೆ ನಮ್ಮ ಕಡೆಗೇ ಬರುತ್ತದೆಂದು ಯಾರೂ ಅರ್ಥ ಮಾಡಿಕೊಳ್ಳಬಾರದು. 2023ರ ಡಿಸೆಂಬರಿನಲ್ಲಿ ಮಿಚಾಂಗ್ ಚೆನ್ನೈ ನಗರವನ್ನು ಮುಳುಗಿಸಿ, ಉತ್ತರಕ್ಕೆ ಸಾಗಿ ಆಂಧ್ರದ ಬಾಪಟ್ಲ ಬಳಿ ದಡ ಸೇರಿತು; ಟಿ.ವಿ.ಯಲ್ಲಿ ಅಷ್ಟು ಭೀಕರವಾಗಿ ಕಂಡದ್ದು ನಮ್ಮ ಪಾಲಿಗೆ ದೂರದ ಸುದ್ದಿಯಾಗಿ ಉಳಿಯಿತು. 2022ರ ಡಿಸೆಂಬರಿನಲ್ಲಿ ಮಹಾಬಲಿಪುರದ ಬಳಿ ದಡ ಸೇರಿದ ಮಾಂಡೌಸ್ ದಕ್ಷಿಣ ಒಳನಾಡಿಗೆ ತಂದದ್ದು ಮೋಡ, ಸೋನೆ, ನಡುಹಗಲಿನಲ್ಲೂ ಸ್ವೆಟರ್ ಹಾಕುವಂಥ ಥಂಡಿ. ಸೋನೆಯೇನು ಮಹಾ ಎನ್ನಬೇಡಿ. ಕೊಯ್ದು ಹಾಕಿದ ರಾಗಿಗೆ ಬಿಸಿಲು ಕಾಣದ ದಿನಗಳು ಜಡಿಮಳೆಯಷ್ಟೇ ಕೇಡು, ಹುಲ್ಲು ಕಪ್ಪಾಗಿ ದನವೂ ಮೂಸುವುದಿಲ್ಲ. ಹಾಗಾಗಿ ಚಂಡಮಾರುತದ ಹೆಸರನ್ನೋ ಅದು ಚೆನ್ನೈಯಲ್ಲಿ ಮಾಡಿದ ಅನಾಹುತವನ್ನೋ ನೋಡಿ ಮಂಡ್ಯದ ಬಗ್ಗೆ ಏನನ್ನೂ ತೀರ್ಮಾನಿಸಲಾಗದು. ನೋಡಬೇಕಾದದ್ದು ದಡ ಮುಟ್ಟಿದ ಮೇಲೆ ಅದು ಯಾವ ದಿಕ್ಕಿಗೆ ಹೊರಟಿದೆ ಎಂಬುದನ್ನು ಮತ್ತು ಜಿಲ್ಲಾವಾರು ಎಚ್ಚರಿಕೆಯ ಬಣ್ಣವನ್ನು.

ಬಣ್ಣಗಳ ಬಗ್ಗೆ ಉದ್ದಕ್ಕೆ ಹೇಳುವುದಿಲ್ಲ, ಎಲ್ಲರಿಗೂ ಗೊತ್ತಿದೆ ಎಂದುಕೊಳ್ಳುತ್ತೇನೆ: ಹಳದಿಯೆಂದರೆ ಗಮನವಿರಲಿ, ಕಿತ್ತಳೆಯೆಂದರೆ ಸಿದ್ಧರಾಗಿ, ಕೆಂಪೆಂದರೆ ಕೂಡಲೇ ಕ್ರಮ ಕೈಗೊಳ್ಳಿ. ಎರಡು ಸಣ್ಣ ವಿವರಗಳನ್ನು ಮಾತ್ರ ನೆನಪಿಸುತ್ತೇನೆ. ಇಲಾಖೆಯ ಮಳೆಯ ದಿನ ಬೆಳಿಗ್ಗೆ 8.30ರಿಂದ ಮರುದಿನ 8.30ರ ವರೆಗೆ, ಸಂಜೆಯಾಯಿತು, ಮಳೆ ಬರಲಿಲ್ಲ ಎಂದು ಎಚ್ಚರಿಕೆಯನ್ನು ಹಳಿಯುವ ಮುನ್ನ ರಾತ್ರಿ ಇನ್ನೂ ಬಾಕಿಯಿದೆ ಎಂಬುದು ಗಮನದಲ್ಲಿರಲಿ. ಇನ್ನೊಂದು, "ಒಂದೆರಡು ಕಡೆ ಭಾರೀ ಮಳೆ" ಎಂದು ಬರೆದಿದ್ದರೆ ಜಿಲ್ಲೆಯ ಮಳೆಮಾಪಕಗಳಲ್ಲಿ ಕಾಲು ಭಾಗಕ್ಕಿಂತ ಹೆಚ್ಚಿನವಕ್ಕೆ ಅಂಥ ಮಳೆ ನಿರೀಕ್ಷೆಯಿಲ್ಲ ಎಂದರ್ಥ. ಮಳವಳ್ಳಿಯಲ್ಲಿ ಕೋಡಿ ಬಿದ್ದು ಕೆ.ಆರ್. ಪೇಟೆಯಲ್ಲಿ ಧೂಳೆದ್ದರೂ ಆ ಮುನ್ಸೂಚನೆ ಸುಳ್ಳಾದಂತಲ್ಲ. ಮೈಸೂರಿನ ನನ್ನ ಸ್ನೇಹಿತರಿಗಂತೂ ಬಣ್ಣ ಯಾವುದಾದರೂ ಪ್ರಶ್ನೆ ಒಂದೇ: ನಾಳೆ ಶಾಲೆಗೆ ರಜೆಯೇ? ಜಿಲ್ಲಾಧಿಕಾರಿಗಳ ಹಳೆಯ ಆದೇಶಕ್ಕೆ ಹೊಸ ತಾರೀಖು ಅಂಟಿಸಿ ವಾಟ್ಸ್ಆ್ಯಪ್‌ನಲ್ಲಿ ಹರಿಬಿಡುವ ಮಹನೀಯರು ಯಾರೋ ತಿಳಿಯದು. ಅವರ ಶ್ರದ್ಧೆಯ ಕಾಲು ಭಾಗ ನಮ್ಮ ವಾರದ ಎರಡು ಸಲಹಾ ಪತ್ರಗಳನ್ನು ಹಂಚುವುದಕ್ಕೆ ಸಿಕ್ಕಿದ್ದರೆ ಉಪಕಾರವಾಗುತ್ತಿತ್ತು.

ಹಾಗಾದರೆ ಮಾಡಬೇಕಾದದ್ದೇನು? ಎಲ್ಲ ಗದ್ದೆಗಳಿಗೂ ಒಪ್ಪುವ ಉತ್ತರವಿಲ್ಲ, ತಳಿ, ಮಾಗಿದ ಹಂತ, ಗದ್ದೆಯ ತಗ್ಗು ಇವೆಲ್ಲ ಲೆಕ್ಕಕ್ಕೆ ಬರುತ್ತವೆ. ಸಾಮಾನ್ಯವಾಗಿ ಹೇಳಬಹುದಾದದ್ದು ಇಷ್ಟು. ಕುಸಿತ ಇನ್ನೂ ಸಮುದ್ರದ ನಡುವೆ ಇರುವಾಗ, ಅಂದರೆ ಮೂರು ನಾಲ್ಕು ದಿನದ ಬಿಡುವಿರುವಾಗ, ಬೆಳೆ ಪೂರ್ತಿ ಮಾಗಿದ್ದು, ಒಣಗಿಸಲು ಕಣವೂ ಮುಚ್ಚಿಡಲು ಸೂರೂ ಇದ್ದರೆ ಕೊಯ್ಸಬಹುದು. ದಡ ಮುಟ್ಟಿ, ನಮ್ಮ ಜಿಲ್ಲೆಗೆ ಹಳದಿಯೋ ಕಿತ್ತಳೆಯೋ ಬಿದ್ದ ಮೇಲೆ ಕೊಯ್ಲಿಗೆ ಕೈ ಹಾಕದೆ ತೂಬು ಬಿಚ್ಚಿ ಗದ್ದೆಯ ನೀರನ್ನು ಬಸಿಯಲು ಬಿಡುವುದು ಮೇಲು. ನಿಂತ ಭತ್ತಕ್ಕೆ ಮಳೆಯಿಂದ ಆಗುವ ಹಾನಿ ಮಲಗಿದ ಅರಿಗೆ ಆಗುವುದಕ್ಕಿಂತ ಸಾಮಾನ್ಯವಾಗಿ ಕಡಿಮೆ. ಎತ್ತರಕ್ಕೆ ಬೆಳೆದು ಬಾಗುವ ತಳಿಗಳಿಗೆ ಈ ಮಾತನ್ನು ಅಷ್ಟು ಧೈರ್ಯವಾಗಿ ಹೇಳಲಾರೆ. ಆಗಲೇ ಕೊಯ್ದಾಗಿದ್ದು ನೆನೆದಿದ್ದರೆ ಮೆದೆ ಹಾಕಬೇಡಿ, ಎತ್ತರದ ಜಾಗದಲ್ಲಿ ತೆಳುವಾಗಿ ಹರವಿ ತಿರುವಿ ಹಾಕುತ್ತಿರಿ. ಲೀಟರಿಗೆ 50 ಗ್ರಾಂ ಅಡುಗೆ ಉಪ್ಪು ಕರಗಿಸಿದ ನೀರನ್ನು ಸಿಂಪಡಿಸಿದರೆ ಮೊಳಕೆ ತಡೆಯಬಹುದು, ಆದರೆ ಬಿತ್ತನೆಗೆಂದು ಇಟ್ಟ ಭತ್ತಕ್ಕೆ ಇದು ಬೇಡ, ಮತ್ತು ನಿಮ್ಮ ಹೋಬಳಿಯ ರೈತ ಸಂಪರ್ಕ ಕೇಂದ್ರದಲ್ಲಿ ಒಮ್ಮೆ ಕೇಳಿಯೇ ಮಾಡಿ.

ಬೆಳೆ ವಿಮೆ ಕಟ್ಟಿದವರು ಇನ್ನೊಂದು ಕೆಲಸವನ್ನು ಮಳೆ ನಿಲ್ಲುವ ಮೊದಲೇ ಮಾಡಬೇಕು. ಫಸಲ್ ಬಿಮಾ ಯೋಜನೆಯಲ್ಲಿ ಕೊಯ್ದು ಗದ್ದೆಯಲ್ಲೇ ಒಣಗಲು ಬಿಟ್ಟ ಬೆಳೆಗೆ, ಕೊಯ್ದ ದಿನದಿಂದ 14 ದಿನಗಳ ವರೆಗೆ, ಚಂಡಮಾರುತದ ಮಳೆ ಮತ್ತು ಅಕಾಲಿಕ ಮಳೆಯ ನಷ್ಟಕ್ಕೆ ಪರಿಹಾರ ಕೇಳಲು ಅವಕಾಶವಿದೆ. ನಿಮ್ಮ ಬೆಳೆ ನಿಮ್ಮ ಪಂಚಾಯಿತಿಗೆ ಅಧಿಸೂಚಿತವಾಗಿರಬೇಕು ಎಂಬುದು ಬೇರೆ ಮಾತು. ಆದರೆ ನಷ್ಟವಾದ 72 ಗಂಟೆಗಳೊಳಗೆ ತಿಳಿಸಬೇಕು. ಬಹಳ ಜನ ಮಳೆ ಪೂರ್ತಿ ಬಿಟ್ಟು, ಗದ್ದೆಗೆ ಇಳಿಯುವಷ್ಟು ನೆಲ ಆರಿದ ಮೇಲೆ ಅರ್ಜಿ ಹಿಡಿದು ಬರುತ್ತಾರೆ, ಅಷ್ಟರಲ್ಲಿ ಐದು ದಿನ ಕಳೆದಿರುತ್ತದೆ. ಬದುವಿನ ಮೇಲೆ ನಿಂತು, ನೀರಿನಲ್ಲಿ ಮಲಗಿದ ಅರಿಯ ಫೋಟೋವನ್ನು ಅಂದೇ ತೆಗೆದು, ಅಂದೇ ದೂರು ದಾಖಲಿಸಿ, ಕೊಟ್ಟ ನೋಂದಣಿ ಸಂಖ್ಯೆಯನ್ನು ಪಹಣಿಯ ಹಿಂಬದಿಯಲ್ಲಾದರೂ ಬರೆದಿಟ್ಟುಕೊಳ್ಳಿ. ಮಿಷನ್ ಬಿಡಿಸಲೇ ಎಂದು ಕೇಳಲು ನನಗೆ ಫೋನ್ ಮಾಡುವುದು ಅದಾದ ಮೇಲೆ.