13 ಗೆದ್ದ ತಂಡಕ್ಕೆ ಶೇ 58 ಮಾತ್ರ ಯಾಕೆ?

2022ರ ಸೀಸನ್‌ನಲ್ಲಿ ಮಿನೆಸೋಟ ವೈಕಿಂಗ್ಸ್ 17 ಪಂದ್ಯಗಳಲ್ಲಿ 13 ಗೆದ್ದಿತು. ಅಮೆರಿಕನ್ ಫುಟ್‌ಬಾಲ್‌ನ ಎನ್‌ಎಫ್‌ಎಲ್ ಲೀಗ್‌ನಲ್ಲಿ ಇದು ಭರ್ಜರಿ ಲೆಕ್ಕ. ಪ್ಲೇಆಫ್‌ನ ಮೊದಲ ಪಂದ್ಯವೂ ತವರಿನಲ್ಲೇ, ಮಿನಿಯಾಪೊಲಿಸ್‌ನಲ್ಲಿ. ಎದುರಾಳಿ ನ್ಯೂಯಾರ್ಕ್ ಜೈಂಟ್ಸ್. ಅವರು 9 ಗೆದ್ದು, 7 ಸೋತು, ಒಂದು ಟೈ ಮಾಡಿಕೊಂಡು ಬಂದವರು. ಅಂಕಪಟ್ಟಿ ಮಾತ್ರ ನೋಡಿದವರು ಕಣ್ಣು ಮುಚ್ಚಿಕೊಂಡು ವೈಕಿಂಗ್ಸ್ ಅನ್ನುತ್ತಾರೆ, ಅಲ್ವಾ?

ಆದರೆ ಬೆಟ್ಟಿಂಗ್ ಮಾರುಕಟ್ಟೆ ವೈಕಿಂಗ್ಸ್‌ಗೆ ಕೊಟ್ಟಿದ್ದು ಸುಮಾರು 3 ಪಾಯಿಂಟ್‌ಗಳ ಮುನ್ನಡೆ ಅಷ್ಟೇ. ಎಷ್ಟು ಅಂತರದಲ್ಲಿ ಗೆಲ್ಲಬಹುದು ಎನ್ನುವ ಈ ಅಂದಾಜಿಗೆ ಸ್ಪ್ರೆಡ್ ಅನ್ನುತ್ತಾರೆ. ಮೊದಲಿನಿಂದಲೂ ತವರಿನ ಅನುಕೂಲಕ್ಕೇ ಹೆಚ್ಚುಕಡಿಮೆ 3 ಪಾಯಿಂಟ್ ಕೊಡುವ ರೂಢಿ ಇತ್ತು. ಅಂದರೆ ಯಾರ ತವರೂ ಅಲ್ಲದ ಮೈದಾನದಲ್ಲಿ ಆಡಿಸಿದರೆ ಇಬ್ಬರೂ ಸಮಸಮ ಎಂದೇ ಮಾರುಕಟ್ಟೆ ಹೇಳುತ್ತಿತ್ತು. 13 ಗೆದ್ದವರೂ 9 ಗೆದ್ದವರೂ ಸಮಸಮ ಆಗುವುದು ಹೇಗೆ?

ಆಟಗಳ ಫಲಿತಾಂಶ ಅಂದಾಜಿಸುವ ಲೆಕ್ಕದ ಮಾಡೆಲ್ ಕಟ್ಟುವುದು ನನ್ನ ಕೆಲಸ. ಜನವರಿ ಬಂತು ಅಂದರೆ ಅಮೆರಿಕದಲ್ಲಿರುವ ನಮ್ಮವರು, ಬೆಂಗಳೂರಿನಲ್ಲಿ ನೈಟ್ ಶಿಫ್ಟ್ ಮಾಡುತ್ತಾ ಸ್ಕೋರ್ ನೋಡುವ ಹುಡುಗರು, ಎಲ್ಲರೂ ಕೇಳುವುದು ಒಂದೇ: "ಯಾರು ಗೆಲ್ತಾರೆ ಹೇಳಿ." ತಂಡದ ಹೆಸರು ಹೇಳುವುದಕ್ಕೆ ಮಾಡೆಲ್ ಬೇಕಿಲ್ಲ. ಎಷ್ಟರ ಮಟ್ಟಿಗೆ ಎಂದು ಹೇಳುವುದರಲ್ಲೇ ಎಲ್ಲ ಕಷ್ಟ ಇರುವುದು. ಅದಕ್ಕೆ ವೈಕಿಂಗ್ಸ್‌ನ ಆ ಸೀಸನ್ ಬಿಚ್ಚಿ ನೋಡೋಣ.

ಆ 13 ಗೆಲುವುಗಳಲ್ಲಿ 11 ಗೆಲುವಿನ ಅಂತರ 8 ಪಾಯಿಂಟ್ ಅಥವಾ ಅದಕ್ಕೂ ಕಡಿಮೆ. ಈ ಆಟದಲ್ಲಿ 8 ಪಾಯಿಂಟ್ ಅಂದರೆ ಒಂದೇ ದಾಳಿಯಲ್ಲಿ ಸರಿಗಟ್ಟಬಹುದಾದ ಅಂತರ. ಐದು ಗೆಲುವುಗಳಂತೂ ಬರೀ 3 ಪಾಯಿಂಟ್‌ನವು. ಒಂದು ಪಂದ್ಯದಲ್ಲಿ ಇಂಡಿಯಾನಪೊಲಿಸ್ ಕೋಲ್ಟ್ಸ್ ಎದುರು 33-0 ಹಿಂದಿದ್ದು, ಹೆಚ್ಚುವರಿ ಅವಧಿಯಲ್ಲಿ 39-36ರಿಂದ ಗೆದ್ದರು. ಸೋತಿದ್ದು ನಾಲ್ಕೇ ಪಂದ್ಯ, ಆದರೆ ಅಂತರ ನೋಡಿ: 17, 37, 11, 24. ಎಲ್ಲ ಕೂಡಿಸಿದರೆ ವೈಕಿಂಗ್ಸ್ ಗಳಿಸಿದ್ದು 424 ಪಾಯಿಂಟ್, ಬಿಟ್ಟುಕೊಟ್ಟಿದ್ದು 427. ಹದಿಮೂರು ಪಂದ್ಯ ಗೆದ್ದ ತಂಡ ಒಟ್ಟು ಲೆಕ್ಕದಲ್ಲಿ 3 ಪಾಯಿಂಟ್ ಹಿಂದಿತ್ತು! ಜೈಂಟ್ಸ್ ಗಳಿಸಿದ್ದು 365, ಕೊಟ್ಟಿದ್ದು 371. ಈಗ ಇಬ್ಬರೂ ಒಂದೇ ಸಾಲಿನಲ್ಲಿ ನಿಂತರು.

ಗೆಲುವುಗಳನ್ನು ಎಣಿಸುವುದಕ್ಕಿಂತ ಪಾಯಿಂಟ್‌ಗಳ ಅಂತರ ನೋಡಿದರೆ ಮುಂದಿನ ಪಂದ್ಯದ ಬಗ್ಗೆ ಜಾಸ್ತಿ ತಿಳಿಯುತ್ತದೆ. ಬೇಸ್‌ಬಾಲ್‌ನಲ್ಲಿ ಅಂಕಿ-ಅಂಶ ವಿಶ್ಲೇಷಕ ಬಿಲ್ ಜೇಮ್ಸ್ ಇದಕ್ಕೊಂದು ಸೂತ್ರ ಕೊಟ್ಟರು. ಇನ್ನೊಬ್ಬ ವಿಶ್ಲೇಷಕ ಡ್ಯಾರಿಲ್ ಮೋರಿ ಅದನ್ನು ಫುಟ್‌ಬಾಲ್‌ಗೆ ಹೊಂದಿಸಿದರು. ಗಳಿಸಿದ ಪಾಯಿಂಟ್, ಕೊಟ್ಟ ಪಾಯಿಂಟ್ ಎರಡನ್ನೂ 2.37ರ ಘಾತಕ್ಕೆ ಏರಿಸಬೇಕು. ಮೊದಲನೆಯದನ್ನು ಎರಡರ ಮೊತ್ತದಿಂದ ಭಾಗಿಸಬೇಕು. ಬರುವುದು, ಆ ತಂಡ ಸಹಜವಾಗಿ ಗೆಲ್ಲಬೇಕಿದ್ದ ಪಂದ್ಯಗಳ ಪಾಲು. ವೈಕಿಂಗ್ಸ್‌ಗೆ ಈ ಲೆಕ್ಕ ಕೊಡುವುದು ಸುಮಾರು 8.4 ಗೆಲುವು. ಉಳಿದ ನಾಲ್ಕೂವರೆ ಗೆಲುವು ಕೊನೆಯ ನಿಮಿಷದ ಕಿಕ್‌ಗಳಿಂದ, ಚೆಂಡು ಪುಟಿದ ದಿಕ್ಕಿನಿಂದ ಬಂದಿದ್ದು. ಈ ಚೆಂಡು ಉದ್ದಕ್ಕೆ, ತುದಿ ಚೂಪಾಗಿ ಇರುತ್ತದೆ. ಕೈಜಾರಿ ನೆಲಕ್ಕೆ ಬಿದ್ದರೆ ಎತ್ತ ಹಾರುತ್ತದೋ ಗೊತ್ತಿಲ್ಲ. ಹಾಗೆ ಬಿದ್ದ ಚೆಂಡು ಯಾರ ಪಾಲಾಗುತ್ತದೆ ಎನ್ನುವುದು ದೀರ್ಘಾವಧಿಯಲ್ಲಿ ಹೆಚ್ಚುಕಡಿಮೆ ಅರ್ಧಕ್ಕರ್ಧ. ಈ ವರ್ಷ ಅದು ಒಲಿದಿದೆ ಎಂದು ಮುಂದಿನ ವಾರವೂ ಒಲಿಯುವುದಿಲ್ಲ.

2022ರ ಡಿಸೆಂಬರ್ 24ರಂದು ಇದೇ ಎರಡು ತಂಡಗಳು ಇದೇ ಮೈದಾನದಲ್ಲಿ ಆಡಿದ್ದವು. ಆಟದ ಕೊನೆಯ ಕ್ಷಣದಲ್ಲಿ 61 ಗಜ ದೂರದಿಂದ ಹೊಡೆದ ಫೀಲ್ಡ್ ಗೋಲ್‌ನಿಂದ ವೈಕಿಂಗ್ಸ್ 27-24ರಲ್ಲಿ ಗೆದ್ದಿತ್ತು. ಮೂರು ವಾರದ ನಂತರ, ಜನವರಿ 15ರ ಪ್ಲೇಆಫ್‌ನಲ್ಲಿ, ಜೈಂಟ್ಸ್ 31-24ರಿಂದ ಗೆದ್ದಿತು. ಕೊನೆಯಲ್ಲಿ ವೈಕಿಂಗ್ಸ್‌ಗೆ ಉಳಿದಿದ್ದು ನಾಲ್ಕನೇ ಯತ್ನ, ಅಂದರೆ ಚೆಂಡು ಎದುರಾಳಿಗೆ ಹೋಗುವ ಮುಂಚಿನ ಕೊನೆಯ ಯತ್ನ, ಬೇಕಿದ್ದಿದ್ದು 8 ಗಜ. ಕ್ವಾರ್ಟರ್‌ಬ್ಯಾಕ್, ಅಂದರೆ ದಾಳಿ ನಡೆಸುತ್ತಾ ಪಾಸ್ ಎಸೆಯುವ ಆಟಗಾರ, ಕರ್ಕ್ ಕಸಿನ್ಸ್ ಎಸೆದ ಪಾಸ್ ಸಿಕ್ಕಿತು, ಆದರೆ 3 ಗಜಕ್ಕೆ.

ಇಲ್ಲಿ ಒಂದು ಮಾತು ಗಟ್ಟಿಯಾಗಿ ಹೇಳಬೇಕು. ಅಂಕಿ-ಅಂಶಗಳು ಜೈಂಟ್ಸ್ ಗೆಲುವನ್ನು ಮೊದಲೇ ಹೇಳಿದ್ದವು ಎನ್ನುವುದು ಸುಳ್ಳು. ಅವು ಹೇಳಿದ್ದೂ ವೈಕಿಂಗ್ಸ್ ಹೆಸರನ್ನೇ. ಆದರೆ ಶೇ 58ರಷ್ಟು ಮಾತ್ರ. ಅಂಕಪಟ್ಟಿ ನೋಡಿದವರು ಮನಸ್ಸಿನಲ್ಲೇ ಶೇ 75 ಇಟ್ಟುಕೊಂಡಿದ್ದರು. 75ಕ್ಕೂ 58ಕ್ಕೂ ನಡುವೆ ಇರುವ ಆ ಅಂತರವೇ ನನ್ನ ಇಡೀ ಕಸುಬು.

ಈ ಶೇಕಡಾ ಲೆಕ್ಕ ಎಲ್ಲಿಂದ ಬಂತು? ಹಾಲ್ ಸ್ಟರ್ನ್ ಎಂಬ ಸಂಖ್ಯಾಶಾಸ್ತ್ರಜ್ಞರು 1991ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ನಿಜವಾದ ಅಂತರ ಸ್ಪ್ರೆಡ್‌ನಿಂದ ಎಷ್ಟು ಆಚೀಚೆ ಆಗುತ್ತದೆ ಎಂದು ಅಳೆದರು. ಅದು ಗಂಟೆಯಾಕಾರದ ರೇಖೆಯಂತೆ ಹರಡಿಕೊಂಡಿತ್ತು, ಸ್ಟ್ಯಾಂಡರ್ಡ್ ಡೀವಿಯೇಷನ್, ಅಂದರೆ ಆ ಹರಡುವಿಕೆಯ ಅಳತೆ, ಸುಮಾರು 14 ಪಾಯಿಂಟ್. ಎರಡು ಟಚ್‌ಡೌನ್‌ನಷ್ಟು, ಅಂದರೆ ಚೆಂಡನ್ನು ಎರಡು ಸಲ ಎದುರಾಳಿಯ ಗೆರೆ ದಾಟಿಸಿದಷ್ಟು! ಅದನ್ನು ಇಟ್ಟುಕೊಂಡು ಲೆಕ್ಕ ಹಾಕಿದರೆ 3 ಪಾಯಿಂಟ್ ಮುನ್ನಡೆಯ ತಂಡಕ್ಕೆ ಶೇ 58, 7 ಪಾಯಿಂಟ್‌ಗೆ ಶೇ 69, 10 ಪಾಯಿಂಟ್‌ಗೆ ಶೇ 76. ಹತ್ತು ಪಾಯಿಂಟ್ ಮುನ್ನಡೆಯ ದೊಡ್ಡ ತಂಡ ಕೂಡ ನಾಲ್ಕರಲ್ಲಿ ಒಂದು ಸಲ ಸೋಲುತ್ತದೆ.

2019ರ ಬಾಲ್ಟಿಮೋರ್ ರೇವನ್ಸ್‌ಗೆ ಆಗಿದ್ದು ಇದೇ. ಇವರದ್ದು ಸುಮ್ನೆ ಅದೃಷ್ಟದ ತಂಡ ಅಲ್ಲ. 14 ಗೆಲುವು, 2 ಸೋಲು. ಗಳಿಸಿದ್ದು 531, ಕೊಟ್ಟಿದ್ದು 282. ಯಾವ ಸೂತ್ರಕ್ಕೆ ಹಾಕಿದರೂ ಬಲಿಷ್ಠ ತಂಡ. ಮೊದಲ ಪ್ಲೇಆಫ್ ಪಂದ್ಯದಲ್ಲಿ 9 ಗೆದ್ದು 7 ಸೋತಿದ್ದ ಟೆನೆಸಿ ಟೈಟನ್ಸ್ ಎದುರು ತವರಿನಲ್ಲಿ 28-12ರಿಂದ ಸೋತರು. ಆ ದಿನ ರೇವನ್ಸ್ ಮುಂದೊತ್ತಿದ್ದು 530 ಗಜ, ಟೈಟನ್ಸ್ 300 ಗಜ. ಹಾಗಿದ್ದರೂ ಸೋಲು ಯಾಕೆ? ಮೊದಲ ದಾಳಿಯಲ್ಲೇ ತಮ್ಮ ಆಟಗಾರನ ಕೈಗೆ ತಾಗಿ ಮೇಲಕ್ಕೆ ಚಿಮ್ಮಿದ ಪಾಸ್ ಎದುರಾಳಿಯ ಕೈ ಸೇರಿತು. ಆಮೇಲೆ ಇನ್ನೆರಡು ಸಲ ಚೆಂಡು ಕಳೆದುಕೊಂಡರು. ಒಂದೇ ಗಜ ಬೇಕಿದ್ದ ನಾಲ್ಕನೇ ಯತ್ನ ಎರಡು ಸಲ ಕೈಕೊಟ್ಟಿತು. ಇಂಥ ಐದು ಘಟನೆ ಒಂದೇ ರಾತ್ರಿ ಒಟ್ಟಿಗೆ ಬಂದರೆ ಯಾವ ಮಾಡೆಲ್ಲೂ ಕಾಪಾಡುವುದಿಲ್ಲ.

ಐಪಿಎಲ್‌ನಲ್ಲಿ ಮೊದಲ ಎರಡು ಸ್ಥಾನದವರಿಗೆ ಒಂದು ಪಂದ್ಯ ಸೋತರೂ ಇನ್ನೊಂದು ಅವಕಾಶ ಇರುತ್ತದೆ. ಎನ್‌ಎಫ್‌ಎಲ್‌ನಲ್ಲಿ ಸೋತರೆ ಮನೆಗೆ. 14 ತಂಡ, 13 ಪಂದ್ಯ, ಅಷ್ಟೇ. ಎರಡು ಗುಂಪುಗಳಲ್ಲಿ ಮೊದಲ ಸ್ಥಾನ ಪಡೆದ ಒಂದೊಂದು ತಂಡಕ್ಕೆ ಮಾತ್ರ ಮೊದಲ ಸುತ್ತಿನಲ್ಲಿ ವಿಶ್ರಾಂತಿ. ಪ್ರತಿ ಪಂದ್ಯಕ್ಕೂ ಶೇ 70 ಅವಕಾಶ ಇರುವ ತಂಡವೊಂದನ್ನು ತೆಗೆದುಕೊಳ್ಳಿ. ವಿಶ್ರಾಂತಿ ಸಿಕ್ಕರೆ ಮೂರು ಪಂದ್ಯ ಗೆಲ್ಲಬೇಕು, ಒಟ್ಟು ಅವಕಾಶ ಶೇ 34. ಸಿಗದಿದ್ದರೆ ನಾಲ್ಕು ಗೆಲ್ಲಬೇಕು, ಶೇ 24. ಆ ಒಂದು ವಾರದ ಬೆಲೆ ಶೇಕಡಾ ಹತ್ತು. ಟಿವಿಯಲ್ಲಿ "ಕಪ್ ಇವರದ್ದೇ" ಅನ್ನಿಸಿಕೊಳ್ಳುವ ತಂಡಕ್ಕೂ ಕಪ್ ತಪ್ಪುವ ಸಾಧ್ಯತೆಯೇ ಜಾಸ್ತಿ.

ಮಾಡೆಲ್‌ಗೆ ಏನು ಹಾಕಬೇಕು, ಏನು ಬಿಡಬೇಕು ಎನ್ನುವುದೂ ಮುಖ್ಯ. "ಫಾರ್ಮ್‌ನಲ್ಲಿದ್ದಾರೆ" ಎನ್ನುವ ಮಾತಿಗೆ ನಾನು ಹೆಚ್ಚು ಬೆಲೆ ಕೊಡುವುದಿಲ್ಲ. ಆ ರೇವನ್ಸ್ ಸತತ 12 ಗೆದ್ದು ಬಂದು ಸೋತರು. 2009ರ ನ್ಯೂ ಆರ್ಲಿಯನ್ಸ್ ಸೇಂಟ್ಸ್ ಲೀಗ್ ಹಂತದ ಕೊನೆಯ ಮೂರೂ ಪಂದ್ಯ ಸೋತು, ಫೈನಲ್ ಪಂದ್ಯವಾದ ಸೂಪರ್ ಬೌಲ್ ಗೆದ್ದರು. ತವರಿನ ಅನುಕೂಲಕ್ಕೂ ಈಗ ಹಳೆಯ 3 ಪಾಯಿಂಟ್ ಕೊಡಲಾರೆ. ಕೋವಿಡ್‌ನಿಂದ ಮೈದಾನಗಳು ಬಹುಪಾಲು ಖಾಲಿಯಿದ್ದ 2020ರಲ್ಲಿ ತವರು ತಂಡಗಳು 127 ಗೆದ್ದು 128 ಸೋತವು. ಜನ ವಾಪಸ್ ಬಂದ ಮೇಲೆ ಅನುಕೂಲವೂ ಬಂತು, ಆದರೆ ನಾನು 2 ಪಾಯಿಂಟ್ ಆಸುಪಾಸಿನಲ್ಲೇ ನಿಲ್ಲುತ್ತೇನೆ.

ಕ್ವಾರ್ಟರ್‌ಬ್ಯಾಕ್ ವಿಷಯ ಬೇರೆ. ಪ್ರತಿ ದಾಳಿಯಲ್ಲೂ ಚೆಂಡು ಮೊದಲು ಅವನ ಕೈಗೇ ಬರುವುದು. 2023ರ ಜನವರಿ 29ರಂದು ಸ್ಯಾನ್ ಫ್ರಾನ್ಸಿಸ್ಕೊ 49ಅರ್ಸ್ ಸತತ 12 ಗೆಲುವಿನೊಂದಿಗೆ ಫಿಲಡೆಲ್ಫಿಯಾಗೆ ಹೋಯಿತು. ಮೊದಲ ಕ್ವಾರ್ಟರ್‌ನಲ್ಲೇ ಅವರ ಕ್ವಾರ್ಟರ್‌ಬ್ಯಾಕ್ ಬ್ರಾಕ್ ಪರ್ಡಿಯ ಮೊಣಕೈಗೆ ಪೆಟ್ಟಾಯಿತು. ಬದಲಿಗೆ ಬಂದ ಜಾಶ್ ಜಾನ್ಸನ್ ತಲೆಗೆ ಪೆಟ್ಟು ಮಾಡಿಕೊಂಡು ಹೊರಹೋದರು. ಪರ್ಡಿ ಮತ್ತೆ ಬಂದರು, ಆದರೆ ದೂರಕ್ಕೆ ಎಸೆಯುವ ಶಕ್ತಿ ಇರಲಿಲ್ಲ. 31-7ರ ಸೋಲು. ಹಾಗಾಗಿ ಗಾಯಾಳುಗಳ ವರದಿ ಬರುವ ಮುಂಚೆ ಕೊಟ್ಟ ಯಾವ ಭವಿಷ್ಯವನ್ನೂ ನಾನು ಅಂತಿಮ ಎಂದು ಒಪ್ಪುವುದಿಲ್ಲ.

"ಪಕ್ಕಾ ಟಿಪ್" ಮಾರುವವರ ಬಗ್ಗೆ ನನಗೆ ನಿಜಕ್ಕೂ ಸಿಟ್ಟಿದೆ. ಅಮೆರಿಕದಲ್ಲಿ 2018ರ ಸುಪ್ರೀಂ ಕೋರ್ಟ್ ತೀರ್ಪಿನ ನಂತರ ಹಲವು ರಾಜ್ಯಗಳಲ್ಲಿ ಫೋನ್‌ನಲ್ಲೇ ಬೆಟ್ ಕಟ್ಟಬಹುದು. ಅಲ್ಲಿನ ಮಾಮೂಲಿ ದರದಲ್ಲಿ 100 ಡಾಲರ್ ಗೆಲ್ಲಲು 110 ಕಟ್ಟಬೇಕು. ಹಾಕಿದ ದುಡ್ಡು ಉಳಿಯಬೇಕಾದರೂ ಶೇ 52.4ರಷ್ಟು ಸಲ ಸರಿಯಾಗಿರಬೇಕು. ಅದೂ ನಾವು ನೋಡಿದ ಎಲ್ಲ ಲೆಕ್ಕವನ್ನೂ ಆಗಲೇ ನುಂಗಿಕೊಂಡಿರುವ ಸ್ಪ್ರೆಡ್ ಎದುರು. ಓದುತ್ತಿರುವ ಮಕ್ಕಳು ಯಾರದ್ದೋ ಟಿಪ್ ನಂಬಿ ಫೀಸ್ ದುಡ್ಡು ಕಳೆದುಕೊಳ್ಳುವುದು ಬೇಡ.

ಭವಿಷ್ಯ ಹೇಳುವ ಹುಮ್ಮಸ್ಸಿದ್ದರೆ ದುಡ್ಡಿಲ್ಲದೆ ಅಳೆಯುವ ದಾರಿ ಇದೆ. ಹವಾಮಾನ ತಜ್ಞ ಗ್ಲೆನ್ ಬ್ರಯರ್ 1950ರಲ್ಲಿ ಕೊಟ್ಟ ಅಳತೆ ಅದು. ಪಂದ್ಯಕ್ಕೆ ಮುಂಚೆ ನಿಮ್ಮ ಶೇಕಡಾವನ್ನು ದಶಮಾಂಶದಲ್ಲಿ ಬರೆದಿಡಿ, ಶೇ 75 ಅಂದರೆ 0.75. ನಿಮ್ಮ ತಂಡ ಗೆದ್ದರೆ 1, ಸೋತರೆ 0. ಅದಕ್ಕೂ ನಿಮ್ಮ ಸಂಖ್ಯೆಗೂ ಇರುವ ವ್ಯತ್ಯಾಸದ ವರ್ಗ ತೆಗೆಯಿರಿ. ಕಡಿಮೆ ಬಂದಷ್ಟೂ ಒಳ್ಳೆಯದು. ವೈಕಿಂಗ್ಸ್ ಸೋತಾಗ 75 ಎಂದವರಿಗೆ 0.56, 58 ಎಂದವರಿಗೆ 0.34. ಗೆದ್ದಿದ್ದರೆ 75 ಎಂದವರಿಗೇ ಲಾಭ ಇತ್ತು: 0.06, ಇನ್ನೊಬ್ಬರಿಗೆ 0.18. ಅದಕ್ಕೇ ಒಂದು ಪಂದ್ಯದಿಂದ ತೀರ್ಮಾನ ಸಲ್ಲದು. ಇಂಥ ನೂರು ಪಂದ್ಯಗಳಲ್ಲಿ ನಿಜವಾಗಿ 58 ಗೆದ್ದು 42 ಸೋತರೆ, 58 ಎಂದವರ ಸರಾಸರಿ 0.244, 75 ಎಂದವರದ್ದು 0.273. ಪ್ರತಿ ಸಲ 50 ಎಂದವರಿಗೂ 0.25 ಬರುತ್ತದೆ. ಪ್ಲೇಆಫ್‌ನ 13 ಪಂದ್ಯ ಇದಕ್ಕೆ ಸಾಲದು. ಸೆಪ್ಟೆಂಬರ್‌ನಿಂದಲೇ ಶುರು ಮಾಡಿ, ಲೀಗ್ ಹಂತದ 272 ಪಂದ್ಯಗಳಿಗೂ ಬರೆಯಿರಿ.