ಬಾಯಲ್ಲಿ ನೀರೂರದ ದಿನಗಳು

"ಫೋನಿನಲ್ಲಿ ಮಾತಾಡಲು ತೊಂದರೆ ಆಯಿತೇ? ಮನೆಯವರ ಎದುರು ಊಟ ಮಾಡಲು ಕಷ್ಟವಾಯಿತೇ?" ಕ್ಯಾನ್ಸರ್ ರೋಗಿಗೆ ಇಂಥ ಪ್ರಶ್ನೆ ಕೇಳುತ್ತಾರೆ ಅಂದರೆ ವಿಚಿತ್ರ ಅನಿಸಬಹುದು. ತಲೆ ಮತ್ತು ಕುತ್ತಿಗೆ ಕ್ಯಾನ್ಸರ್ ಆದವರ ಬದುಕು ಹೇಗಿದೆ ಎಂದು ಅಳೆಯಲು ಯುರೋಪಿನ ಕ್ಯಾನ್ಸರ್ ಸಂಶೋಧನಾ ಸಂಸ್ಥೆ ಇಒಆರ್‌ಟಿಸಿ 35 ಪ್ರಶ್ನೆಗಳ ಒಂದು ಪಟ್ಟಿ ಮಾಡಿದೆ. ಈ ಎರಡೂ ಅದರಲ್ಲಿ ಬರುತ್ತವೆ. ಗಡ್ಡೆ ಕರಗಿತೇ ಎಂದು ಸ್ಕ್ಯಾನ್ ಹೇಳುತ್ತದೆ. ತುತ್ತು ಇಳಿಯುತ್ತಿದೆಯೇ ಎಂದು ರೋಗಿಯೇ ಹೇಳಬೇಕು.

ಬಾಯಿ, ಗಂಟಲು, ಧ್ವನಿಪೆಟ್ಟಿಗೆಯ ಕ್ಯಾನ್ಸರ್‌ಗೆ ಕೊಡುವ ವಿಕಿರಣವನ್ನು ಜನ 'ಕರೆಂಟು ಕೊಡುವುದು' ಅನ್ನುತ್ತಾರೆ. ಇದರಲ್ಲಿ ಕರೆಂಟು ಹೊಡೆಯುವಂಥದ್ದೇನೂ ಇಲ್ಲ. ಜಾಸ್ತಿ ಶಕ್ತಿಯ ಎಕ್ಸ್‌ರೇ, ಅಷ್ಟೇ. ಸಾಮಾನ್ಯವಾಗಿ ದಿನಕ್ಕೆ 2 ಗ್ರೇ (ಮೈಗೆ ಬೀಳುವ ವಿಕಿರಣದ ಅಳತೆ), ವಾರಕ್ಕೆ 5 ದಿನ, ಹೀಗೆ 7 ವಾರದಲ್ಲಿ 70 ಗ್ರೇ. ಎರಡು ಮೂರನೇ ವಾರಕ್ಕೆ ಬಾಯಿ ಹುಣ್ಣಾಗುತ್ತದೆ, ರುಚಿ ಹೋಗುತ್ತದೆ. ಚಿಕಿತ್ಸೆ ಮುಗಿದ ಮೇಲೆ ಹುಣ್ಣು ನಿಧಾನವಾಗಿ ಮಾಯುತ್ತದೆ. ರುಚಿಯೂ ಕೆಲವು ತಿಂಗಳಲ್ಲಿ ಬಹುಮಟ್ಟಿಗೆ ಮರಳುತ್ತದೆ. ಆದರೆ ಉಗುಳಿನ ಕತೆಯೇ ಬೇರೆ.

ಉಗುಳನ್ನು ನಾವು ಎಂಜಲು ಅಂತ ದೂರ ಇಡುತ್ತೇವೆ. ದಿನಕ್ಕೆ ಅರ್ಧದಿಂದ ಒಂದೂವರೆ ಲೀಟರ್ ಉಗುಳು ಸುಮ್ನೆ ಊರಿ, ಸುಮ್ನೆ ಗಂಟಲಿಗಿಳಿಯುತ್ತದೆ. ನಮಗೆ ಗೊತ್ತೇ ಆಗುವುದಿಲ್ಲ, ಅಲ್ವಾ? ತುತ್ತು ಜಾರುವುದು, ನಾಲಿಗೆಗೆ ರುಚಿ ಸಿಗುವುದು, ಹಲ್ಲಿನ ಮೇಲಿನ ಆಮ್ಲ ತಗ್ಗುವುದು ಎಲ್ಲ ಇದರಿಂದಲೇ. ವಿಕಿರಣ ಹೆಚ್ಚಾಗಿ ಬೇಗ ಬೇಗ ಒಡೆಯುವ ಜೀವಕೋಶಗಳನ್ನು ಹೊಡೆಯುತ್ತದೆ. ಉಗುಳಿನ ಗ್ರಂಥಿಯ ಕೋಶಗಳು ಹಾಗೆ ಒಡೆಯುವ ಜಾತಿಯವಲ್ಲ. ಆದರೂ ಮೊದಲ ವಾರದಲ್ಲೇ ಉಗುಳು ಕಡಿಮೆಯಾಗುತ್ತದೆ. ಈ ಒಗಟು ಇನ್ನೂ ಪೂರ್ತಿ ಬಿಡಿಸಿಕೊಂಡಿಲ್ಲ.

ಹಾಗಾಗಿ ಗ್ರಂಥಿಯನ್ನೇ ತಪ್ಪಿಸಿ ಹೊಡೆಯುವ ದಾರಿ ಹುಡುಕಿದರು. ಐಎಂಆರ್‌ಟಿ ಎಂಬ ವಿಧಾನದಲ್ಲಿ ಕಿರಣದ ತೀವ್ರತೆಯನ್ನು ತುಣುಕು ತುಣುಕಾಗಿ ಹೊಂದಿಸುತ್ತಾರೆ. ಕಿವಿಯ ಮುಂದಿರುವ ದೊಡ್ಡ ಗ್ರಂಥಿಗೆ ಬೀಳುವ ಸರಾಸರಿ ಪ್ರಮಾಣ ಸುಮಾರು 26 ಗ್ರೇ ಒಳಗಿದ್ದರೆ ಅದು ಚೇತರಿಸಿಕೊಳ್ಳುವ ಸಾಧ್ಯತೆ ಹೆಚ್ಚು. ಬ್ರಿಟನ್ನಿನಲ್ಲಿ 94 ರೋಗಿಗಳ ಮೇಲೆ ನಡೆದ ಪಾರ್‌ಸ್ಪೋರ್ಟ್ ಅಧ್ಯಯನ 2011ರಲ್ಲಿ ಪ್ರಕಟವಾಯಿತು. ಹಳೆಯ ವಿಧಾನದಲ್ಲಿ ಒಂದು ವರ್ಷದ ನಂತರ ಶೇ. 74 ಮಂದಿಗೆ ಬಾಯಿ ಒಣಗುವ ಗಣನೀಯ ತೊಂದರೆ ಇತ್ತು. ಹೊಸದರಲ್ಲಿ ಶೇ. 38. ದೊಡ್ಡ ಗೆಲುವೇ, ಆದರೆ ಆ ಶೇ. 38ರಲ್ಲಿ ಇರುವವರಿಗೆ ಬಾಯಿ ಒಣಗಿದ್ದು ಒಣಗಿದ್ದೇ.

ಅವರು ನೀರಿನ ಬಾಟಲಿ ಬಿಟ್ಟು ಹೊರಡುವುದಿಲ್ಲ. ನೀರು ಒದ್ದೆ ಮಾಡುತ್ತದೆ, ಉಗುಳಿನ ಹಾಗೆ ಜಾರಿಸುವುದಿಲ್ಲ. ಉಗುಳು ಊರಿಸುವ ಪೈಲೋಕಾರ್ಪಿನ್ ಮಾತ್ರೆ ಉಂಟು, ಆದರೆ ಗ್ರಂಥಿಯಲ್ಲಿ ಏನಾದರೂ ಉಳಿದಿದ್ದರೆ ಮಾತ್ರ ಅದಕ್ಕೆ ಕೆಲಸ. ಹಲ್ಲು ಬುಡದಲ್ಲೇ ಹುಳುಕಾಗುತ್ತದೆ. ಆಗ ಕೀಳಿಸಲು ಹೋದರೆ ಇನ್ನೊಂದು ಅಪಾಯ. ವಿಕಿರಣ ಬಿದ್ದ ದವಡೆ ಮೂಳೆಗೆ ರಕ್ತ ಕಡಿಮೆ, ಗಾಯ ಮಾಯದೆ ಮೂಳೆಯೇ ಸಾಯಬಹುದು. ಅದಕ್ಕೇ ಕೆಟ್ಟ ಹಲ್ಲನ್ನು ಚಿಕಿತ್ಸೆಗೆ ಮೊದಲೇ ತೆಗೆಯುತ್ತಾರೆ, ಆಮೇಲೆ ದಿನಾ ಫ್ಲೋರೈಡ್ ಹಚ್ಚಲು ಹೇಳುತ್ತಾರೆ. ಕೆಲವರಿಗೆ ವರ್ಷಗಳ ನಂತರ ಥೈರಾಯ್ಡ್ ಕುಂದುತ್ತದೆ. ಅದು ರಕ್ತ ಪರೀಕ್ಷೆಯಲ್ಲಿ ಸಿಕ್ಕಿಬೀಳುತ್ತದೆ, ಮಾತ್ರೆಗೆ ಬಗ್ಗುತ್ತದೆ.

ಸ್ನಾಯುಗಳು ಮಾತ್ರ ಅಷ್ಟು ಸುಲಭಕ್ಕೆ ಬಗ್ಗುವುದಿಲ್ಲ. ವಿಕಿರಣದ ನಂತರ ಅವು ನಿಧಾನಕ್ಕೆ ಬಿಗಿಯುತ್ತವೆ. ಬಾಯಿ 35 ಮಿಲಿಮೀಟರಿಗಿಂತ ಕಡಿಮೆ ತೆರೆದರೆ ದವಡೆ ಬಿಗಿತ ಅನ್ನುತ್ತಾರೆ. ಒಂದರ ಪಕ್ಕ ಒಂದು ಮೂರು ಬೆರಳು ಹಲ್ಲುಗಳ ನಡುವೆ ಹಿಡಿಯುತ್ತವೆಯೇ ಎಂದು ಮನೆಯಲ್ಲೇ ನೋಡಬಹುದು. ನುಂಗುವುದೂ ಅಷ್ಟೇ, ಬಳಸದಿದ್ದರೆ ಮರೆತುಹೋಗುತ್ತದೆ. ಟ್ಯೂಬಿನಲ್ಲಿ ಊಟ ಹೋಗುತ್ತಿದ್ದರೂ, ವೈದ್ಯರು ಬೇಡ ಅನ್ನದಿದ್ದರೆ, ಬಾಯಿಂದ ಗುಟುಕು ಗುಟುಕಾಗಿ ನುಂಗುತ್ತಿರಿ ಎಂದು ಹೇಳುವುದು ಇದಕ್ಕೇ.

ಇನ್ನೊಂದು ಕುತೂಹಲದ ಸಂಗತಿ. ಇದೇ ಸಂಸ್ಥೆಯ ಸಾಮಾನ್ಯ ಪ್ರಶ್ನೆಪಟ್ಟಿಯಲ್ಲಿ ಒಟ್ಟಾರೆ ಬದುಕಿನ ಗುಣಮಟ್ಟದ ಅಂಕ ಚಿಕಿತ್ಸೆಯ ದಿನಗಳಲ್ಲಿ ಬಿದ್ದು, ವರ್ಷದೊಳಗೆ ಬಹಳ ಜನರಲ್ಲಿ ಮೊದಲಿನ ಹತ್ತಿರಕ್ಕೆ ಬರುತ್ತದೆ. ಒಣ ಬಾಯಿ, ಅಂಟು ಉಗುಳು, ಹಲ್ಲಿನ ತೊಂದರೆಯ ಅಂಕಗಳು ಮಾತ್ರ ಮೇಲೇ ಉಳಿಯುತ್ತವೆ. ಮನುಷ್ಯ ಹೊಂದಿಕೊಂಡುಬಿಡುತ್ತಾನೆ. ಜೀವ ಉಳಿಯಿತಲ್ಲ, ಉಗುಳಿನ ಬಗ್ಗೆ ಏನು ದೂರುವುದು ಎಂಬ ಸಂಕೋಚವೂ ಇರುತ್ತದೆ. ಹೇಗಿದ್ದೀರಿ ಅಂದರೆ ಚೆನ್ನಾಗಿದ್ದೇನೆ ಅನ್ನುತ್ತಾರೆ. ರಾತ್ರಿ ಎಷ್ಟು ಸಲ ನೀರು ಕುಡಿಯಲು ಏಳುತ್ತೀರಿ ಎಂದು ಕೇಳಿದಾಗ ಲೆಕ್ಕ ಹೇಳುತ್ತಾರೆ.